ಹಾಕು ಅಂದವಳದೇ ಕಾಯಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನ ಹೆಂಗಸರ ಕೈಗೆ ಬಂದ ಕಾಯಿ ನೆಲಕ್ಕೆ ಬಿದ್ದದ್ದನ್ನು ಇದುವರೆಗೆ ಯಾರೂ ಕಂಡಿಲ್ಲ. ಕಂಡೆ ಎನ್ನುವವರು ಬೇರೆ ಜಿಲ್ಲೆಯವರು, ಹೊಟ್ಟೆಕಿಚ್ಚಿನವರು. ಆಕಾಶದಿಂದ ಏನೇ ಬೀಳಲಿ, ನಮ್ಮ ಹೆಂಗಸರು ಹಿಡಿದು, ಸೆರಗಿನಲ್ಲಿ ಒರೆಸಿ, ಅಟ್ಟಕ್ಕೆ ಹಾಕುತ್ತಾರೆ. ಸಿಡಿಲನ್ನೂ ಹಿಡಿಯುತ್ತಿದ್ದರು, ಎಷ್ಟು ದಿನ ಅಟ್ಟದಲ್ಲಿಟ್ಟರೂ ಅದು ಕೊಬ್ಬರಿಯಾಗುವುದಿಲ್ಲ ಎಂದು ಗೊತ್ತಾದ ಮೇಲೆ ಬಿಟ್ಟಿದ್ದಾರೆ.

ಈ ಮಾತನ್ನು ಊರಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿಕೊಂಡು ತಿರುಗುತ್ತಿದ್ದವರು ಕೊಬ್ಬರಿ ಮಂಡಿಯ ಬಸವರಾಜಪ್ಪ. ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವಳು ಚಿಕ್ಕಗೌರಮ್ಮ.

ಚಿಕ್ಕಗೌರಮ್ಮ ಎಂದ ಕೂಡಲೇ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುವ ಮುದುಕಿಯನ್ನು ನೆನೆಯಬೇಡಿ. ಅದು ಅಜ್ಜಿಯಿಂದ ಮೊಮ್ಮಗಳಿಗೆ ಇಳಿದ ಹೆಸರು. ಮೊಮ್ಮಗಳಿಗೆ ಈಗ ಮೂವತ್ತೆಂಟು. ಭುಜ ಎಷ್ಟು ಅಗಲವೆಂದರೆ, ತುರುವೇಕೆರೆ ಬಸ್ಸಿನಲ್ಲಿ ಅವಳು ಕೂತರೆ ಕಂಡಕ್ಟರು ಹೆಂಗಸರ ಉಚಿತ ಟಿಕೆಟನ್ನು ಎರಡು ಹರಿದು ಕೊಡುತ್ತಾನೆ. ಬೇಸಿಗೆಯಲ್ಲಿ ಅವಳ ಹಿಂದೆ ನಡೆದುಹೋಗುವವರಿಗೆ ಕೊಡೆ ಬೇಕಿಲ್ಲ.

ಹುಟ್ಟಿದ್ದು ತುರುವೇಕೆರೆ ಸೀಮೆಯ ಒಂದು ಹಳ್ಳಿಯಲ್ಲಿ. ನಮ್ಮ ಕಡೆ ಕಿತ್ತ ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಮಲಗಿಸುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಿ ಗಡಗಡ ಅಲ್ಲಾಡಿದರೆ ಅದು ಕೊಬ್ಬರಿ. ಕಾಯನ್ನು ಅಟ್ಟಕ್ಕೆ ಏರಿಸುವುದು ಮನೆಮಂದಿಯ ಕೆಲಸ. ಕೆಳಗಿನವರು ಎಸೆಯಬೇಕು, ಮೇಲಿನವರು ಹಿಡಿಯಬೇಕು. ಎಂಟನೆಯ ವಯಸ್ಸಿಗೇ ಗೌರಮ್ಮ ಅಪ್ಪನ ತೋಟದ ಕಾಯನ್ನು ಕೆಳಗೆ ನಿಂತು ಎಸೆಯುತ್ತಿದ್ದಳು. ಒಮ್ಮೆ ರಭಸ ಹೆಚ್ಚಾಗಿ ಕಾಯಿ ಹೆಂಚು ತೂರಿಕೊಂಡು ಹೋಗಿ ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆಯ ಹತ್ತಿರ ಬಿತ್ತು ಎನ್ನುತ್ತಾರೆ. ಹೆಂಚು ಒಡೆದದ್ದು ನಿಜ.

ತಿಪಟೂರಿನ ಕಾಲೇಜಿನಲ್ಲಿ ಅವಳು ಆಡುತ್ತಿದ್ದದ್ದು ಖೋ ಖೋ. ಮೈಸೂರಿನ ಕ್ರೀಡಾಕೂಟದಲ್ಲಿ ಅವರ ತಂಡ ಮೊದಲ ದಿನವೇ ಸೋತು, ಊರಿಗೆ ಹೊರಟು, ಸಾಮಾನನ್ನು ಬಸ್ಸಿನ ಮೇಲೆ ಹಾಕುತ್ತಿತ್ತು. ಬೇರೆ ಹುಡುಗಿಯರು ಏಣಿ ಹತ್ತಿ ಇಳಿದು ಏದುಸಿರು ಬಿಡುತ್ತಿದ್ದಾಗ ಗೌರಮ್ಮ ಕೆಳಗೇ ನಿಂತು ಬ್ಯಾಗುಗಳನ್ನು ಒಂದೊಂದಾಗಿ ಮೇಲಕ್ಕೆ ಎಸೆಯುತ್ತಿದ್ದಳು. ಎಲ್ಲವೂ ಸಾಲಾಗಿ, ಹಿಡಿ ಮೇಲೆ ಬರುವ ಹಾಗೆ ಕೂರುತ್ತಿದ್ದವು. ಕೊನೆಗೆ ನಿದ್ದೆ ಹೋಗಿದ್ದ ತಂಡದ ಮ್ಯಾನೇಜರನ್ನೂ ಎಸೆದಳಂತೆ. ಮ್ಯಾನೇಜರು ಒಪ್ಪುವುದಿಲ್ಲ. ಅದನ್ನು ನೋಡುತ್ತ ನಿಂತಿದ್ದ ಬೆಂಗಳೂರಿನ ರಗ್ಬಿ ಕೋಚ್ ಒಬ್ಬರು ಬಂದು, ನಾಳೆ ಒಂದು ದಿನ ಉಳಿದುಕೊಳ್ಳುತ್ತೀಯಾ ಎಂದು ಕೇಳಿದರು. ಅವರ ಹಿಂದೆ ಬೆಂಗಳೂರಿಗೆ ಹೋಗಿ ಅವಳು ಉಳಿದದ್ದು ಹತ್ತು ವರ್ಷ.

ರಾಜ್ಯ ತಂಡಕ್ಕೆ ಒಂಬತ್ತು ಸಲ ಆಡಿದಳು. ಬಾಲ್ ಹಿಡಿದು ಓಡುವಾಗ ಅವಳನ್ನು ಕೆಡವಲು ಬಂದವರು ತಾವೇ ಬಿದ್ದು, ಎದ್ದು, ಕ್ಷಮಿಸಿ ಎಂದು ಹೇಳಿ ಹೋಗುತ್ತಿದ್ದರು. ಭಾರತ ತಂಡದ ಶಿಬಿರಕ್ಕೆ ಎರಡು ಸಲ ಕರೆ ಬಂತು. ಎರಡನೆಯ ಸಲ, ಆಯ್ಕೆಯಾದವರ ಪಟ್ಟಿ ಓದಲು ನಾಲ್ಕು ದಿನ ಇರುವಾಗ, ಯಾರೂ ಮುಟ್ಟದೆಯೇ, ಬರೀ ತಿರುಗುವಾಗ, ಎಡ ಮೊಣಕಾಲು ಕಟ್ ಎಂದಿತು. ಆ ಸದ್ದು ಈಗಲೂ ಕೇಳಿಸುತ್ತದೆ ಎಂದು ಒಮ್ಮೆ ಹೇಳಿದ್ದಳು. ಅದರ ಬಗ್ಗೆ ಅವಳು ಹೇಳಿರುವುದು ಅಷ್ಟೇ. ಆಪರೇಷನ್ ಆಯಿತು, ಊರಿಗೆ ಬಂದಳು, ಒಂದು ಖಾಸಗಿ ಶಾಲೆಯಲ್ಲಿ ಆಟದ ಮೇಡಂ ಆದಳು.

ಮೂರು ವರ್ಷದ ಹಿಂದೆ ಹೆಣ್ಣುಮಕ್ಕಳ ರಗ್ಬಿ ತಂಡ ಕಟ್ಟುತ್ತೇನೆ ಎಂದು ಹೊರಟಳು. ಆಟಗಾರ್ತಿಯರನ್ನು ಹುಡುಕಲು ಮೈದಾನಕ್ಕೆ ಹೋಗಲಿಲ್ಲ. ನೆಟ್ಟಗೆ ಹೋದದ್ದು ಬಸವರಾಜಪ್ಪನವರ ಮಂಡಿಗೆ. ಅಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಕೊಬ್ಬರಿ ಸುಲಿದು ಆಮೇಲೆ ಕಾಲೇಜಿಗೆ ಹೋಗುವ ಹುಡುಗಿಯರಿದ್ದರು. ಕತ್ತಿಯ ಬೆನ್ನಿನಿಂದ ಚಿಪ್ಪನ್ನು ತಟ್ಟಿ, ಒಳಗಿನ ಉಂಡೆ ಒಡೆಯದ ಹಾಗೆ ಬಿಡಿಸುವ ಕೆಲಸ. ಈ ಕೈಗಳಿಗೆ ಬಾಲ್ ಹಿಡಿಯುವುದನ್ನು ಹೇಳಿಕೊಡಬೇಕೆ ಎಂದುಕೊಂಡಳು. ಬಸವರಾಜಪ್ಪನವರೂ ತಮ್ಮ ಸಿಡಿಲಿನ ಕಥೆಯನ್ನು ಇನ್ನೊಮ್ಮೆ ಹೇಳಿದರು.

ಮಂಡಿಯ ಯಜಮಾನರು ಬಸವರಾಜಪ್ಪನವರಾದರೂ ಸುಲಿಯುವ ಸಾಲಿಗೆ ಯಜಮಾನಿ ಬೋರಮ್ಮ. ಮೂವತ್ತು ವರ್ಷದಿಂದ ಆ ಸಾಲಿನ ತಲೆಯಲ್ಲಿ ಕೂತವಳು. ಅವಳ ಮಗಳು ಅನಿತಾ ಬಿ.ಕಾಂ. ಎರಡನೆಯ ವರ್ಷ, ಉದ್ದನೆಯ ಹುಡುಗಿ, ಗೌರಮ್ಮನ ಕಣ್ಣು ಮೊದಲು ಬಿದ್ದದ್ದೇ ಅವಳ ಮೇಲೆ. ಬೋರಮ್ಮ ಕತ್ತಿ ಕೆಳಗಿಡದೆಯೇ, ಮಗಳ ಬೆರಳುಗಳನ್ನು ನೋಡುತ್ತ ಮಾತಾಡಿದಳು.

"ಓಡ್ಲಿ, ಬೀಳ್ಲಿ, ಮಣ್ಣು ಮೆತ್ಕೊಂಡ್ ಬರ್ಲಿ, ನಂಗೇನಿಲ್ಲ ಕಣವ್ವ. ಬೆಳ್ಳು ಮಾತ್ರ ಮುರೀಬಾರ್ದು. ಬೆಳ್ಳು ಹೋದ್ರೆ ಕೆಲಸ ಹೋಯ್ತು."

"ಮುರಿಯಲ್ಲ ಬೋರಕ್ಕ."

"ಮುರುದ್ರೆ?"

"ಮುರುದ್ರೆ, ಅದು ಕೂಡೋವರ್ಗೂ ಅವಳ ಜಾಗದಲ್ಲಿ ನಾನು ಕೂತು ಸುಲೀತೀನಿ."

ಹನ್ನೆರಡು ಹುಡುಗಿಯರು ಸೇರಿದರು. ಅದರಲ್ಲಿ ಒಂಬತ್ತು ಜನ ಬೋರಮ್ಮನ ಸಾಲಿನ ಮನೆಗಳವರು. ಬೋರಮ್ಮ ಹೂಂ ಎಂದದ್ದಕ್ಕೆ ಬಂದವರು, ಅವಳು ಊಹೂಂ ಎಂದರೆ ಅದೇ ಸಂಜೆ ಹೋಗುವವರು. ಉಳಿದವರಲ್ಲಿ ಒಬ್ಬಳು ಲಾರಿ ಮೆಕ್ಯಾನಿಕ್ ನಿಜಾಮುದ್ದೀನನ ಮಗಳು ಶಿಫಾ. ಡಿಕ್ಕಿ ಹೊಡೆದುಕೊಂಡ ಗಾಡಿಗಳನ್ನು ಇಷ್ಟು ವರ್ಷ ರಿಪೇರಿ ಮಾಡಿದ್ದೇನೆ, ಡಿಕ್ಕಿ ಹೊಡೆಯುವುದನ್ನೇ ಕಲಿಸುವ ಶಾಲೆ ಇದೆಯೆಂದು ಗೊತ್ತಿರಲಿಲ್ಲ ಎಂದು ಆತ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಕೊಟ್ಟ. ಗೌರಮ್ಮನಿಗೆ ರಗ್ಬಿ ಎಂದು ಉಳಿದದ್ದು ಈ ಹನ್ನೆರಡು ಜನ. ಇವರು ಚದುರಿದರೆ ಅವಳ ಕೈಯಲ್ಲಿ ಉಳಿಯುವುದು ಶಾಲೆಯ ಸೀಟಿ ಒಂದೇ.

ಆರು ತಿಂಗಳ ತಾಲೀಮು ಮುಗಿಸಿ ತುಮಕೂರಿನ ಪಂದ್ಯಾವಳಿಗೆ ಹೋದರು. ಏಳು ಜನರ ಆಟ, ಏಳೇಳು ನಿಮಿಷದ ಎರಡು ಅವಧಿ. ಎದುರಿಗೆ ಬೆಂಗಳೂರಿನ ಒಂದು ಕಾಲೇಜು. ಸೀಟಿ ಮೊಳಗಿತು. ಅವರ ಹುಡುಗಿ ಬಾಲನ್ನು ಎತ್ತರಕ್ಕೆ ಒದ್ದಳು. ಬಾಲು ಮೇಲೆ ಹೋಯಿತು, ಒಂದು ಗಳಿಗೆ ನಿಂತಿತು, ಕೆಳಗೆ ಬರತೊಡಗಿತು. ಬೆಂಗಳೂರಿನ ಹುಡುಗಿಯೊಬ್ಬಳು ಬಂತು ಬಂತು ಎಂದು ಕೂಗಿದಳು.

ನಮ್ಮ ಏಳೂ ಜನ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಏಳು ದಿಕ್ಕಿಗೆ ಓಡಿದರು.

ನಗಬೇಡಿ. ತೆಂಗಿನ ಸೀಮೆಯಲ್ಲಿ ಮಗು ಅಮ್ಮಾ ಎನ್ನುವ ಮೊದಲು ಕಲಿಯುವುದು ಇದನ್ನು. ಮರದ ಮೇಲಿನವನು ಗೊನೆ ಕಡಿಯುವ ಮುಂಚೆ ಅತ್ಲಾಗೋಗ್ರೋ ಎಂದು ಕೂಗುತ್ತಾನೆ. ಕೂಗು ಕಿವಿಗೆ ಬಿದ್ದರೆ ತಲೆ ಎತ್ತಿ ನೋಡುವಂತಿಲ್ಲ, ಯಾಕೆ ಎಂದು ಕೇಳುವಂತಿಲ್ಲ, ಓಡಬೇಕು. ನಿಂತು ನೋಡಿದವರ ವಂಶ ನಮ್ಮಲ್ಲಿ ಬೆಳೆದಿಲ್ಲ. ಆ ಏಳು ಹುಡುಗಿಯರು ಏಳು ತಲೆಮಾರಿನ ಬುದ್ಧಿಯನ್ನು ಆ ಮೈದಾನದಲ್ಲಿ ತೋರಿಸಿದರು. ಬಾಲು ಮಾತ್ರ ತೆಂಗಿನಕಾಯಿಯಾಗಿರಲಿಲ್ಲ.

ಈ ಆಟದಲ್ಲಿ ಅಂಕ ಗಳಿಸಿದ ತಂಡವೇ ಮತ್ತೆ ಬಾಲ್ ಒದೆಯಬೇಕೆಂಬ ನಿಯಮ ಬೇರೆ. ಅವರು ಒದ್ದರು, ಇವರು ಓಡಿದರು, ಅವರು ಅಂಕ ಗಳಿಸಿದರು, ಅವರೇ ಮತ್ತೆ ಒದ್ದರು. ಹದಿನಾಲ್ಕು ನಿಮಿಷಕ್ಕೆ ನಲವತ್ತೇಳು ಅಂಕ, ನಮ್ಮದು ಸೊನ್ನೆ. ಇನ್ನೊಂದು ನಿಮಿಷ ಇದ್ದಿದ್ದರೆ ನಮ್ಮವರು ಓಡಿ ತಿಪಟೂರು ತಲುಪಿಬಿಡುತ್ತಿದ್ದರು. ವಾಪಸ್ಸು ಬರುವಾಗ ರೈಲಿನಲ್ಲಿ ಗೌರಮ್ಮ, ಬೆಂಗಳೂರಿನಲ್ಲಿ ಮೊದಲ ದಿನ ತಾನೂ ಹೀಗೇ ಓಡಿದ್ದೆನೆಂದಳು. ಆ ಓಟ ಬಿಡಲು ತನಗೆ ಎರಡು ವರ್ಷ ಹಿಡಿಯಿತು, ಆಮೇಲೆ ಊರಿನ ಬಡಾಯಿ ಕೇಳಿ ಕೇಳಿ ಅದನ್ನೇ ಮರೆತಿದ್ದೆ ಎಂದಳು. ಮುಂದಿನ ಪಂದ್ಯಾವಳಿಗೆ ಇದ್ದದ್ದು ಹನ್ನೊಂದು ವಾರ.

ಬಸವರಾಜಪ್ಪನವರು ಕೆಲವು ದಿನ ಸಿಡಿಲಿನ ಸುದ್ದಿ ಎತ್ತಲಿಲ್ಲ.

ಗೌರಮ್ಮನಿಗೆ ಹೊಳೆದ ಮೊದಲ ಉಪಾಯ ಮರ ಹತ್ತುವ ಕಾಡಸಿದ್ದಪ್ಪ. ಅವನು ಗೋಣಿಚೀಲದಲ್ಲಿ ಆರು ಬಾಲ್ ಕಟ್ಟಿಕೊಂಡು ಅರವತ್ತು ಅಡಿಯ ಮರ ಏರುವುದು, ಒಂದೊಂದಾಗಿ ಬಿಡುವುದು, ಹುಡುಗಿಯರು ಕೆಳಗೆ ನಿಂತು ಹಿಡಿಯುವುದು. ಕಾಡಸಿದ್ದಪ್ಪ ಹತ್ತಿದ. ಬಾಲ್ ಬಿಡುವ ಮೊದಲು ಅತ್ಲಾಗೋಗ್ರೋ ಎಂದು ಕೂಗಿದ. ಹುಡುಗಿಯರು ಬೇಲಿ ಸೇರಿದರು. ಕೂಗಬೇಡ ಎಂದು ಗೌರಮ್ಮ ಕೆಳಗಿನಿಂದ ಬೇಡಿಕೊಂಡಳು.

"ಕೂಗ್ದೆ ಬುಟ್ರೆ ಪಾಪ ಸುತ್ಕೊಳ್ತದೆ ತಾಯಿ," ಎಂದ ಅವನು ಮೇಲಿನಿಂದ. "ನಲವತ್ತು ವರ್ಸದಿಂದ ಒಬ್ರ ತಲೆ ಮ್ಯಾಲೂ ಬುಟ್ಟಿಲ್ಲ. ಕೂಗೋಗಂಟ ನನ್ ಕೈಯೇ ಬಿಚ್ಚಲ್ಲ."

ಎರಡು ದಿನ ಹೀಗೇ ಹೋಯಿತು. ಮೂರನೆಯ ದಿನ ಅವನು ಟವೆಲನ್ನು ಬಾಯಿಗೆ ತುರುಕಿಕೊಂಡು, ಕಣ್ಣು ಮುಚ್ಚಿ, ಬಾಲ್ ಬಿಟ್ಟ. ನೆರಳು ಕಂಡದ್ದೇ ಎಲ್ಲರೂ ಓಡಿದರು. ಅನಿತಾ ಮಾತ್ರ ನಾಲ್ಕು ಹೆಜ್ಜೆ ಓಡಿ, ಏನೋ ನೆನಪಾಗಿ, ತಿರುಗಿ ಕೈ ಚಾಚಿದಳು. ಮೊಟ್ಟೆಯಾಕಾರದ ಆ ಬಾಲಿನ ತುದಿ ಬಲಗೈಯ ಉಂಗುರದ ಬೆರಳಿಗೆ ಬಡಿಯಿತು. ಹಿಡಿಯಲು ತಿರುಗಿದವಳು ಅವಳೊಬ್ಬಳೇ, ಮುರಿದದ್ದೂ ಅವಳ ಬೆರಳೇ. ಮರದ ಮೇಲೆ ಕಾಡಸಿದ್ದಪ್ಪ ಟವೆಲ್ ಕಿತ್ತು ಅಳತೊಡಗಿದ. ಡಾಕ್ಟರು ಪಟ್ಟಿ ಕಟ್ಟಿ ಆರು ವಾರ ಎಂದರು.

ಗೌರಮ್ಮ ಆಸ್ಪತ್ರೆಯಿಂದ ಬೋರಮ್ಮನ ಮನೆಗೆ ತಾನೇ ಹುಡುಗಿಯನ್ನು ಕರೆದುಕೊಂಡು ಹೋದಳು. ಬಯ್ಯಿಸಿಕೊಳ್ಳಲು ತಯಾರಾಗಿದ್ದಳು. ಬೋರಮ್ಮ ಬಯ್ಯಲಿಲ್ಲ. ಮಗಳ ಬೆರಳು ನೋಡಿದಳು, ಗೌರಮ್ಮನ ಮುಖ ನೋಡಿದಳು.

"ಇದು ಕೂಡೋವರ್ಗೂ ನನ್ ಸಾಲಿನ ಯಾವ ಹುಡುಗೀನೂ ಮೈದಾನ ತುಳಿಯಂಗಿಲ್ಲ. ನೀನು ಆಡಿದ್ ಮಾತು ನಡ್ಸು. ಆಮೇಲೆ ನೋಡಾನ."

ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ಗೌರಮ್ಮ ಮಂಡಿಯಲ್ಲಿದ್ದಳು. ಮಡಿಸಲಾಗದ ಎಡಗಾಲನ್ನು ನೆಟ್ಟಗೆ ಮುಂದೆ ಚಾಚಿ, ಅನಿತಾಳ ಮಣೆಯ ಮೇಲೆ ಕೂತು, ಕತ್ತಿ ಹಿಡಿದಳು. ಚಿಕ್ಕಂದಿನಲ್ಲಿ ಮಾಡಿದ ಕೆಲಸವೇ, ಆದರೆ ಕೈ ಮರೆತಿತ್ತು. ಮನುಷ್ಯರನ್ನು ಕೆಡವಿ ಅಭ್ಯಾಸವಾದ ಕೈಗೆ ಮೆಲ್ಲಗೆ ತಟ್ಟುವುದು ಬರಲಿಲ್ಲ. ಹತ್ತು ಸುಲಿದರೆ ಆರು ಹೋಳು. ಉಂಡೆ ಒಡೆದರೆ ಅದರ ದರ್ಜೆಯೇ ಇಳಿಯಿತು. ಒಂದೊಂದು ಒಡೆದಾಗಲೂ ಬಸವರಾಜಪ್ಪನವರು ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಬಂದು ನೋಡಿ ನಿಟ್ಟುಸಿರಿಡುತ್ತಿದ್ದರು.

"ಮೇಡಂ, ಅದು ಎದುರಾಳಿ ಅಲ್ಲ ಕಣ್ರೀ, ಕೊಬ್ಬರಿ."

ಮೊದಲ ವಾರ ಅವಳ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಬೊಬ್ಬೆಯ ಮೇಲೆ ಇನ್ನೊಂದು ಬೊಬ್ಬೆ ಬಂದು, ಮೇಲಿನದು ಕೆಳಗಿನದರ ಮಹಡಿಗೆ ಬಾಡಿಗೆಗೆ ಬಂದ ಹಾಗಿತ್ತು. ಬೋರಮ್ಮ ಪಕ್ಕದಲ್ಲೇ ಕೂತಿದ್ದರೂ ಅತ್ತ ತಿರುಗಲಿಲ್ಲ. ಒಂಬತ್ತಕ್ಕೆ ಎದ್ದು, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಗೌರಮ್ಮ ಶಾಲೆಗೆ ಓಡುತ್ತಿದ್ದಳು. ಶಾಲೆಯ ಮಕ್ಕಳು ಮೇಡಂ ಸೀಟಿಯನ್ನು ಎರಡು ಬೆರಳಿನಲ್ಲಿ ಹಿಡಿಯುವುದನ್ನು ನೋಡಿ ಹೊಸ ಸ್ಟೈಲ್ ಎಂದುಕೊಂಡರು. ಎರಡನೆಯ ವಾರ ಒಂದು ಬೆಳಿಗ್ಗೆ ಬೋರಮ್ಮ ಕೈ ಚಾಚಿ ಅವಳ ಮಣಿಕಟ್ಟನ್ನು ಹಿಡಿದು ಒಂದಿಷ್ಟು ಓರೆಗೆ ತಿರುಗಿಸಿ ಬಿಟ್ಟಳು. ಅಂದಿನಿಂದ ಹತ್ತಕ್ಕೆ ಎರಡೇ ಹೋಳು.

ನಾಲ್ಕನೆಯ ವಾರ ಬಸವರಾಜಪ್ಪನವರ ಸ್ವಂತ ತೋಟದ ಕಾಯಿ ಬಂತು. ಮಂಡಿಯ ಪಕ್ಕದ ಅಟ್ಟಕ್ಕೆ ಏರಿಸುವುದು ನಡೆದಿತ್ತು. ಮೇಲೆ, ಮಬ್ಬಿನಲ್ಲಿ, ನಾಲ್ಕು ಹೆಂಗಸರು. ಕೆಳಗೆ ಎಸೆಯುವವಳು ಒಬ್ಬಳು. ಮೇಲಿನಿಂದ ಯಾವಳ ಕೈ ಖಾಲಿ ಇದೆಯೋ ಅವಳು ಹಾಕು ಎನ್ನುತ್ತಾಳೆ, ಆ ದನಿಯ ಕಡೆಗೆ ಕಾಯಿ ಹಾರುತ್ತದೆ. ಉಳಿದ ಮೂವರು ಕಣ್ಣೆತ್ತಿಯೂ ನೋಡುವುದಿಲ್ಲ. ಹಾಕು, ಹಾಕು, ಹಾಕು. ಗೌರಮ್ಮ ಎಂಟನೆಯ ವಯಸ್ಸಿನಿಂದ ಮಾಡಿದ ಕೆಲಸ. ಸರಿಯಾಗಿ ನೋಡಿದ್ದು ಅಂದೇ ಮೊದಲು. ಎತ್ತಿದ ಕತ್ತಿ ಎತ್ತಿದ ಹಾಗೇ ನಿಂತಿತು.

"ಬೋರಕ್ಕ, ಅಟ್ಟದಲ್ಲಿ ಕಾಯಿ ಮುಖಕ್ಕೇ ಬಂದ್ರೂ ಯಾರೂ ಓಡಲ್ವಲ್ಲ, ಯಾಕೆ?"

ಇಂಥ ಪೆದ್ದು ಪ್ರಶ್ನೆ ಕೇಳಿದವಳು ಹೇಗೆ ಮೇಡಂ ಆದಳೋ ಎನ್ನುವ ಹಾಗೆ ಬೋರಮ್ಮ ನೋಡಿದಳು.

"ಯಾಕೋಡ್ತಾರೆ? ಹಾಕು ಅಂದವ್ಳು ಅವ್ಳೇ. ಕೇಳಿ ಇಸ್ಕೊಂಡ ಕಾಯ್ಗೆ ಯಾರಾನ ಹೆದರ್ಕೊಳ್ತಾರಾ?"

ಗೌರಮ್ಮ ಆ ದಿನ ಒಂದೂ ಹೋಳು ಮಾಡಲಿಲ್ಲ. ಹತ್ತು ವರ್ಷದಲ್ಲಿ ನಾಲ್ಕು ಜನ ದೊಡ್ಡ ದೊಡ್ಡ ಕೋಚುಗಳು ಹೇಳಿಕೊಡದಿದ್ದದ್ದನ್ನು ಬೋರಮ್ಮ ಕೊಬ್ಬರಿ ಸುಲಿಯುತ್ತಲೇ ಹೇಳಿದ್ದಳು. ಬೇರೆಯವರು ಕೂಗಿ ಬಿಟ್ಟದ್ದಕ್ಕೆ ನಮ್ಮ ಹುಡುಗಿಯರು ಓಡುತ್ತಾರೆ. ತಾವೇ ಕೂಗಿ ಕೇಳಿದ್ದಕ್ಕೆ ಓಡುವುದಿಲ್ಲ.

ಆರು ವಾರ ಮುಗಿಯಿತು. ಡಾಕ್ಟರು ಬೆರಳು ಕೂಡಿದೆ ಎಂದು ಬರೆದುಕೊಟ್ಟರು. ಗೌರಮ್ಮ ಆ ದಿನವೂ ತನ್ನ ಪಾಲಿನ ರಾಶಿ ಮುಗಿಸಿ, ಮಣೆಯನ್ನು ಒರೆಸಿ ಗೋಡೆಗೆ ಒರಗಿಸಿ, ಬೋರಮ್ಮನ ಮುಂದೆ ನಿಂತಳು. ಬೋರಮ್ಮ ಕೈಯಲ್ಲಿದ್ದ ಕೊಬ್ಬರಿಯನ್ನು ಪೂರ್ತಿ ಸುಲಿದು ರಾಶಿಗೆ ಹಾಕಿದ ಮೇಲೆ ಹೇಳಿದಳು.

"ಕಳಿಸ್ತೀನಿ. ನಾನೂ ಬತ್ತೀನಿ. ನೀನು ಏನ್ ಹೇಳ್ಕೊಡ್ತೀಯ ಅಂತ ನೋಡ್ಬೇಕು."

ಉಳಿದದ್ದು ನಾಲ್ಕೂವರೆ ವಾರ. ಬಾಲು ಮೇಲೇರಿ ಇಳಿಯಲು ಶುರುವಾಗುವ ಮೊದಲು ಒಬ್ಬಳು ಹಾಕು ಎನ್ನಬೇಕು, ಅಂದವಳೇ ಹಿಡಿಯಬೇಕು, ಉಳಿದವರು ಅವಳ ಹಿಂದೆ ಬರಬೇಕು. ಮೊದಲ ದಿನ ಏಳೂ ಜನ ಹಾಕು ಎಂದರು. ಎರಡನೆಯ ದಿನ, ಇನ್ನೊಬ್ಬಳು ಅನ್ನಲಿ ಎಂದು ಏಳೂ ಜನ ಸುಮ್ಮನಿದ್ದರು. ಬೋರಮ್ಮ ಮೈದಾನದ ಅಂಚಿನಲ್ಲಿ ಸೆರಗು ಸಿಕ್ಕಿಸಿ ನಿಂತು, ಇಬ್ಬರು ಹಾಕು ಎಂದರೆ ಕಾಯಿ ಮೂರನೆಯವಳ ಹಲ್ಲಿಗೆ ಹೋಗುತ್ತದೆ ಕಣ್ರೇ ಎಂದು ಗದರಿದಳು. ಯಾವ ಬಾಲು ಯಾರದು ಎಂದು ತೀರ್ಮಾನಿಸುವುದರಲ್ಲಿ ಅವಳಿಗಿಂತ ಒಳ್ಳೆಯವರು ಬೇಕಿರಲಿಲ್ಲ. ಗೌರಮ್ಮ ಎರಡು ಹೆಜ್ಜೆ ಹಿಂದೆ ಸರಿದು ಅವಳಿಗೆ ಜಾಗ ಬಿಟ್ಟಳು. ಮೂರನೆಯ ವಾರದ ಹೊತ್ತಿಗೆ ಕಾಡಸಿದ್ದಪ್ಪ ಮರದ ಮೇಲಿನಿಂದ ಎಷ್ಟು ಜೋರಾಗಿ ಕೂಗಿದರೂ ಯಾರೂ ಕದಲಲಿಲ್ಲ. ಅವನಿಗೆ ಮಾತ್ರ ತನ್ನ ಕೂಗಿಗೆ ಬೆಲೆ ಇಲ್ಲದಾಯಿತೆಂದು ಸ್ವಲ್ಪ ಬೇಜಾರಾಯಿತು.

ತುಮಕೂರಿನಲ್ಲಿ ಮತ್ತೆ ಎದುರಿಗೆ ಸಿಕ್ಕಿದ್ದು ಬೆಂಗಳೂರಿನ ಅದೇ ಕಾಲೇಜು. ಅವರ ಹುಡುಗಿಯರು ನಗುನಗುತ್ತ ಬಂದರು. ಮೊದಲ ಒದೆತವೇ ಹಿಂದಿನದಕ್ಕಿಂತ ಎತ್ತರ. ಬಾಲು ಮೋಡದ ಒಳಗೆ ಹೋಗಿ ಸ್ವಲ್ಪ ಹೊತ್ತು ಅಲ್ಲಿಯ ಸಮಾಚಾರ ವಿಚಾರಿಸಿಕೊಂಡು ಇಳಿಯಿತು. ಅಂಚಿನಲ್ಲಿ, ಗೌರಮ್ಮನ ಪಕ್ಕ, ಬೋರಮ್ಮ ತನ್ನ ಬಲಗೈಯ ಉಂಗುರದ ಬೆರಳನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಹಾಕು," ಎಂದಳು ಅನಿತಾ.

ಬಾಲು ಅವಳ ಎದೆಗೆ ಬಂದು ಕೂತಿತು. ಹಿಂದಿನಿಂದ ಶಿಫಾ ಬಂದಳು, ಅನಿತಾ ಬಾಲನ್ನು ಅವಳಿಗೆ ದಾಟಿಸಿದಳು, ಶಿಫಾ ಓಡಿದಳು. ಇದೇ ಹುಡುಗಿಯರು ಹಿಂದೆ ಎಷ್ಟು ಜೋರಾಗಿ ಓಡಿದ್ದರೆಂದು ಬೆಂಗಳೂರಿನವರು ನೆನಪಿಟ್ಟುಕೊಳ್ಳಬೇಕಿತ್ತು. ಕಾಲಿನಲ್ಲಿ ಅವತ್ತೂ ದೋಷವಿರಲಿಲ್ಲ, ದಿಕ್ಕು ತಪ್ಪಿತ್ತು ಅಷ್ಟೇ. ಹದಿನೇಳು ಹನ್ನೆರಡರಿಂದ ಗೆದ್ದರು. ಮಧ್ಯಾಹ್ನ ಸೆಮಿಫೈನಲ್ಲಿನಲ್ಲಿ ಸೋತರು. ಆದರೆ ಯಾರೂ ತಲೆಯ ಮೇಲೆ ಕೈ ಇಟ್ಟುಕೊಳ್ಳಲಿಲ್ಲ. ಆಟ ಮುಗಿದ ಮೇಲೆ ಬೋರಮ್ಮ ಸಾಲಾಗಿ ನಿಲ್ಲಿಸಿ ಎಲ್ಲರ ಬೆರಳನ್ನೂ ಮುಟ್ಟಿ ನೋಡಿದಳು. ಕೊನೆಯಲ್ಲಿ ಗೌರಮ್ಮನ ಕೈಯನ್ನೂ ಹಿಡಿದು, ಅಂಗೈ ತಿರುಗಿಸಿ, ಗಟ್ಟಿಯಾದ ಬೊಬ್ಬೆಗಳ ಮೇಲೆ ಹೆಬ್ಬೆರಳು ಆಡಿಸಿ ಬಿಟ್ಟಳು.

ಸೋಮವಾರ ಬೋರಮ್ಮ ತನ್ನ ತಂಗಿಯ ಮಗಳನ್ನೂ ಸಾಲಿನ ಇನ್ನೂ ಐದು ಮನೆಯ ಹುಡುಗಿಯರನ್ನೂ ತಂಡಕ್ಕೆ ಬರೆಸಿದಳು. ಸುದ್ದಿ ಕೇಳಿ ಬಸವರಾಜಪ್ಪನವರಿಗೆ ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ನಡುಕ. ಹೆಮ್ಮೆಗೆ ಒಂದು ಹಾರ ತರಿಸಿ ಗೌರಮ್ಮನನ್ನು ಮಂಡಿಗೆ ಕರೆಸಿದರು. ಎಲ್ಲರೂ ಕತ್ತಿ ಕೆಳಗಿಟ್ಟು ನೋಡುತ್ತಿದ್ದರು. ಹಾರ ಹಾಕಿದ ಮೇಲೆ ನಡುಕ ಬಾಯಿಗೆ ಬಂತು.

"ಹದಿನೆಂಟು ಜನ ಆದ್ರು. ನೂರಾ ಎಂಬತ್ತು ಬೆಳ್ಳು ಕಣಮ್ಮ ಗೌರಮ್ಮ. ಒಂದಕ್ಕೇ ನೀನು ಆರು ವಾರ ಕೂತೆ, ನನ್ ಕೊಬ್ಬರಿ ಕಥೆ ಏನಾಯ್ತು ಅಂತ ನಂಗೇ ಗೊತ್ತು. ಅಷ್ಟೂ ಒಟ್ಟಿಗೆ ಮುರುದ್ರೆ ಏನ್ ಮಾಡ್ತೀಯ?"

ಗೌರಮ್ಮ ಹಾರವನ್ನು ತೆಗೆದು ಬೋರಮ್ಮನ ಕೊರಳಿಗೆ ಹಾಕಿ, ಗೋಡೆಗೆ ಒರಗಿಸಿದ್ದ ಒಂದು ಮಣೆಯನ್ನು ತಂದು ಬಸವರಾಜಪ್ಪನವರ ಮುಂದಿಟ್ಟಳು.

"ಅಷ್ಟೂ ಮುರುದ್ರೆ ನನ್ನೊಬ್ಬಳ ಕೈಲಿ ಆಗಲ್ಲ ಯಜಮಾನ್ರೆ, ನೀವೂ ಕೂತ್ಕೋಬೇಕಾಗುತ್ತೆ. ಭಯ ಬೀಳ್ಬೇಡಿ, ಏನೂ ಬರದೋರಿಗೆ ಹೇಳ್ಕೊಡೋದೇ ನನ್ನ ಕೆಲಸ."